ಬಣ್ಣಗಳ ಸಾಲಿನಲ್ಲಿ ಚಹಾ

ತೆಲುಗು ಗದ್ದಲದ ಕೋಠಿಯಲ್ಲಿ ಬಸ್ಸಿಗೆ ಕಾದು ಬೇಸತ್ತಿದ್ದ ಗಂಗಾಬಾಯಿಯ ಕಿವಿಗೆ ಪಕ್ಕದಲ್ಲೇ ಕನ್ನಡ ಬಿತ್ತು. ಸೀರೆ ಅಂಗಡಿಯ ಯಜಮಾನ, ಮೊಬೈಲ್ ಹಿಡಿದ ಸೊಸೆ.

"ಮಾವಾರ, ವೆಬ್‌ಸೈಟಿಗೆ ಬಣ್ಣದ ಹೆಸರು ನೀವು ತುಂಬಿದ್ರೇನು?"

"ಹೂಂ. ನಡುವ ಕಾಮಾ ಹಾಕ್ರಿ ಅಂದಿದ್ದಿ, ಹಾಕೀನಿ."

"ಕಾಮಾ ಇದ್ದಲ್ಲೆಲ್ಲ ಅದು ಕತ್ತರಿಸಿ ಒಂದೊಂದು ಬಣ್ಣ ಅಂತ ತೋರಸ್ತದ್ರಿ. ಕೆಂಪು, ಹಸಿರು ಆದಮ್ಯಾಲೆ 'ಕೂಡ್ರಿ', 'ಚಹಾ ಕುಡೀರಿ' ಅಂತ ಐತಿ!"

"ಗಿರಾಕಿಗೆ ಚಹಾ ಕೇಳಲಾರ್ದ ಸೀರಿ ತೋರಸ್ತಾರೇನವಾ?"

"ಇಲ್ಲೀತನಕ ಬಂದದ್ದು ಒಂದ ಆರ್ಡರ್ರಿ. ಆರ್ಡರ್ ಕೊಟ್ಟಾಕಿ ಬಣ್ಣ ಆರಿಸೋ ಕಡೆ ಚಹಾ ಒತ್ಯಾಳ. ಈಗೇನು ಮಾಡೂದು?"

"ಫೋನ್ ಹಚ್ಚು. ಸಕ್ಕರಿ ಎಷ್ಟು ಅಂತ ಕೇಳು."

ಅವರ ಬಸ್ ಬಂತು, ಇಬ್ಬರೂ ಹತ್ತಿಹೋದರು. ಸೀರೆ ಕೊಳ್ಳುವ ಯೋಚನೆಯೇ ಇಲ್ಲದ ಗಂಗಾಬಾಯಿಗೆ, ಅಂಗಡಿಯ ಹೆಸರು ಕೇಳದೆ ಬಿಟ್ಟದ್ದು ತಾನಿಳಿಯುವ ಕುಷಾಯಿಗೂಡದವರೆಗೂ ಚುಚ್ಚುತ್ತಲೇ ಇತ್ತು.