ಯಾದಮ್ಮನ ಡಬ್ಬಿ

...ಅಲ್ಲವಾ ಪಲ್ಲವಿ, ಅಂಗಡಿಯವ ಹಳೇ ಬ್ಯಾಟರಿ ಸೆಲ್ ಕೊಟ್ಟಾನ ಅಂತೀಯಲ್ಲ, ಕೊಟ್ಟಿದ್ರೂ ಕೊಟ್ಟಿರಬೇಕು, ಈ ಕೊಂಡಾಪುರದಾಗ ಯಾರನ್ನೂ ನಂಬಾಂಗಿಲ್ಲ, ನಾ ಹಾಲಿನ ಪ್ಯಾಕೆಟ್ಟೂ ಎರಡ ಸಲ ಒತ್ತಿ ನೋಡ್ತೀನಿ. ಆದ್ರ ತಂತಿ ಸುತ್ತಿ ಮ್ಯಾಗ್ನೆಟ್ ಮಾಡಿದ ನಿನ್ನ ಮೊಳಿ ಎರಡ ಗುಂಡಸೂಜಿಗಿಂತ ಹೆಚ್ಚಿಗಿ ಎತ್ತವಲ್ದು ಅಂದ್ರ ಅದು ಅವನ ತಪ್ಪ ಅಂತ ಹೆಂಗ ಹೇಳ್ತಿ? ಕುಂದರು ಇಲ್ಲೆ. ಚಕ್ಕಲಿ ಡಬ್ಬಿ ಇತ್ತಾಗ ಇಡು, ಎಷ್ಟ ತಿಂದಿ ಅಂತ ನಾ ನೋಡಿಲ್ಲಂತ ತಿಳೀಬ್ಯಾಡ.

ನಾ ಕಲಬುರ್ಗಿಯಿಂದ ಮದುವಿ ಆಗಿ ಈ ತೆಲುಗು ಸೀಮಿಗೆ, ಕುಷಾಯಿಗೂಡಕ್ಕ ಬಂದ ಎರಡ ವರ್ಷಕ್ಕ, ಅಲ್ಲ, ಮೂರ ವರ್ಷಕ್ಕ, ನಿಮ್ಮಪ್ಪ ಹುಟ್ಟಿದ್ದ ಆಗ, ನಿಮ್ಮಜ್ಜಾರು ಕಾಮಣಿ ಆಗಿ ಹಾಸಿಗಿ ಹಿಡದ್ರು. ದುಡಿಯೂ ಕೈ ನಂದೊಂದ. ಒಂದ ಸಣ್ಣ ವರ್ಕ್‌ಶಾಪಿನ್ಯಾಗ ಕಾಯಿಲ್ ಸುತ್ತೂ ಕೆಲಸ ಸಿಕ್ತು. ಕಬ್ಬಿಣದ ಗಟ್ಟೀಗೆ ತಾಮ್ರದ ತಂತಿ ಸುತ್ತೂದು, ಕರೆಂಟ್ ಬಿಟ್ರ ಅದು ಮ್ಯಾಗ್ನೆಟ್ ಆಗಿ ತೂಕ ಹಿಡಿಯೂದು, ತಗದ್ರ ಬಿಡೂದು, ನಿನ್ನ ಮೊಳಿ ಇದ್ದಂಗ, ಆದ್ರ ದೊಡ್ಡದು. ನನ್ನ ಬಾಜೂಕ ಯಾದಮ್ಮ ಕುಂದರತಿದ್ಲು, ಭೋಂಗೀರ ಕಡೆಯಾಕಿ. ಸುತ್ತಿನ ಮ್ಯಾಲೆ ಸುತ್ತು ಹೆಂಗ ಒತ್ತಿ ಕೂಡಸಬೇಕು ಅಂತ ಆಕೀನ ಕಲಿಸಿದ್ದು ನನಗ, ಮಾತಿಗೊಮ್ಮೆ ಅಕ್ಕಾ ಅನ್ನಾಕಿ.

ಆ ವರ್ಷ ನಾವಿಬ್ಬರೂ ಸುತ್ತಿದ್ದ ಹೊಸಾ ಮ್ಯಾಗ್ನೆಟ್ಟು ದಸರಾ ಪೂಜಾಕ್ಕ ಇಟ್ಟಿದ್ರು. ಹಬ್ಬ ಆದ ಮ್ಯಾಲೆ ಪರೀಕ್ಷಾ ಮಾಡಿದ್ರ, ಹೇಳಿದ್ದರ ಅರ್ಧ ತೂಕಾನೂ ಹಿಡೀಲಿಲ್ಲ. ಸೂಪರ್‌ವೈಜರ್ ಇನ್ನಷ್ಟ ಸುತ್ತರಿ ಅಂದ, ಸುತ್ತಿದ್ವಿ, ಏನೂ ಆಗಲಿಲ್ಲ. ಯಾಕಂದ್ರ ತಂತಿ ಉದ್ದ ಆದಂಗ ಕರೆಂಟ್ ಹರಿಯೂದು ಕಮ್ಮಿ ಆಗತೈತಿ ನೋಡು, ಸುತ್ತಿನಿಂದ ಗಳಿಸಿದ್ದು ಅಲ್ಲೇ ಹೋತು, ಇದು ನಂಗ ಆಮ್ಯಾಲೆ ತಿಳೀತು. ಕರೆಂಟ್ ಜಾಸ್ತಿ ಮಾಡಿದ, ಕಾಯಿಲ್ ಕಾದು ತಂತಿ ಮ್ಯಾಲಿನ ವಾರ್ನಿಶ್ ಸುಟ್ಟ ವಾಸನಿ ಬಂತು. ಆಗ ಅಂದ, ಒಳಗ ಸುತ್ತು ಕಮ್ಮಿ ಹಾಕಿ ಯಾರೋ ತಂತಿ ಮನೀಗೆ ಒಯ್ಯಾಕತ್ತೀರಿ, ಬಿಚ್ಚಿ ಎಣಿಸಿದ್ರ ಮಾಲು ಕೆಡತೈತಿ, ನಾಳಿಗೆ ನೀವಿಬ್ಬರಾಗ ಒಬ್ಬಾಕಿ ಹೊರಗ.

ನಾ ಅಂತೂ ಒಯ್ದಿಲ್ಲ. ಹಂಗಾರ ಯಾರು? ಅವತ್ತಿಂದ, ಅಲ್ಲ, ಅದೇ ಮಧ್ಯಾಹ್ನದಿಂದ ನನ್ನ ಕಣ್ಣು ಯಾದಮ್ಮನ ಡಬ್ಬಿ ಮ್ಯಾಲೆ. ಉಂಡ ಮ್ಯಾಲೂ ಅದು ಖಾಲಿ ಡಬ್ಬಿ ಹಂಗ ಸಪ್ಪಳ ಮಾಡವಲ್ದು. ಯಾಕ ಮಾಡವಲ್ದು? ಒಳಗೇನೋ ಐತಿ. ಹೋಗಿ ಸೂಪರ್‌ವೈಜರ್ ಕಿವ್ಯಾಗ ಊದಿಬಿಟ್ಟೆ. ಸಂಜಿಗೆ ಗೇಟಿನ್ಯಾಗ ಎಲ್ಲಾರ ಮುಂದ ಡಬ್ಬಿ ತಗಸಿದ. ಅರಿವ್ಯಾಗ ಸುತ್ತಿದ ಅರ್ಧ ಜ್ವಾಳದ ರೊಟ್ಟಿ. ಮಗಳಿಗಂತ ದಿನಾ ಉಳಿಸಿ ಒಯ್ಯತಿದ್ಲಂತ. ನನಗ ನೆಲಾ ಬಾಯಿ ಬಿಡಬಾರದಾ ಅನಿಸ್ತು.

ಮರುದಿನ ಮುಂಜಾನೆ ವಯಸ್ಸಾದ ಫಿಟ್ಟರ್ ಖಾಜಾಭಾಯಿ ಬಂದ, ಮ್ಯಾಗ್ನೆಟ್ ಬೋರಲು ಹಾಕಿ, ತೂಕ ಅಂಟಿಕೊಳ್ಳೂ ಮುಖ ಚಾಕುದಿಂದ ಕೆರದ. ಒಣಗಿದ ಕುಂಕುಮ ಅರಿಶಿಣ ಉದುರಿತು, ಅದರ ಕೆಳಗ ದಪ್ಪನ ನೀಲಿ ಬಣ್ಣ. "ಕಬ್ಬಿಣಕ್ಕ ಕಬ್ಬಿಣ ತಾಕಬೇಕ್ರಿ, ನಡುವ ಇಷ್ಟ ಪದರ ಇದ್ರೂ ಜೋರು ಹೋಗತೈತಿ. ಯಾರು ಹಚ್ಚಿದವ್ರು?" ಅಂದ. ಕೆರದು ಫಳಫಳ ಮಾಡಿ ಕರೆಂಟ್ ಬಿಟ್ಟ ನೋಡು, ಅದೇ ತಂತಿ, ಅದೇ ಸುತ್ತು, ಪೂರಾ ತೂಕ ಢಬ್ಬಂತ ಹಿಡೀತು.

ಹಚ್ಚಿದಾಕಿ ನಾನ. ಪೂಜಾಕ್ಕ ಛಂದ ಕಾಣ್ಲಿ ಅಂತ ಮುಖಕ್ಕೂ ಬಿಡಲಾರದ ಬಳದಿದ್ದೆ. ಹೇಳಿದೆ, ನಾನ ಅಂತ. ಎಲ್ಲಾರೂ ನಕ್ಕರು. ಯಾದಮ್ಮ ನಗಲಿಲ್ಲ. ಗೇಟಿನ್ಯಾಗ ಡಬ್ಬಿ ತಗಸಿದ್ದು ಯಾರ ಮಾತಿನಿಂದ ಅಂತ ಆಕೀಗೆ ಗೊತ್ತಾಗಿತ್ತು. ತೆಲುಗಿನ್ಯಾಗ ಒಂದ ಮಾತಂದ್ಲು, "ನನ್ನನ್ನ ಕೇಳಿದ್ರ ನಾನ ಡಬ್ಬಿ ತಗದು ತೋರಸ್ತಿದ್ನಲ್ಲ." ಅಕ್ಕಾ ಅನ್ನಲಿಲ್ಲ. ಸ್ಟೂಲು ಎತ್ತಿ ಆಚೀ ಗ್ವಾಡಿ ಕಡೆ ಹಾಕ್ಕೊಂಡ್ಲು. ಆಮ್ಯಾಲೆ ಹನ್ನೊಂದ ವರ್ಷ ಒಂದೇ ಛಾವಣಿ ಕೆಳಗ ದುಡದ್ವಿ, ಒಮ್ಮೆನೂ ಅಕ್ಕಾ ಅನ್ನಲಿಲ್ಲ. ನನಗ ಇನ್ನೂ ಸಂಕಟ ಆಗತೈತಿ.

ತಾ ಇಲ್ಲೆ ಆ ತಂತಿ. ನೋಡು, ತುದೀಗೆ ವಾರ್ನಿಶ್ ಹಂಗ ಐತಿ, ಅರ್ಧಂಬರ್ಧ ಕೆರದೀ, ಕರೆಂಟ್ ಹೆಂಗ ಹೋಗಬೇಕು? ಅಂಗಡಿಯವಗ ಏನೇನ ಅಂದು ಬಂದೀಯವಾ? ಮಂದಿ ಡಬ್ಬಿ ತಗಸೂದಕ್ಕಿಂತ ಮೊದಲ ನಿನ್ನ ಕೈ ನೋಡ್ಕೊ. ಹೋಗು, ಚಾಕು ತಾ.