ಜಯವಂತ ಅನ್ನಾವ ಯಾರೂ ಇಲ್ಲ

...ಇಲ್ಲ ಯವ್ವಾ, ಈ ಕಾಗದ ನಿಂದಲ್ಲ. ಎರಡ ಸಲ ಓದಿದೆ. ನಿಮ್ಮೂರ ಪೋಸ್ಟಮನ್ ಹೇಳಿದ್ದೂ ಅದನ, ಸಾಲಿ ಮಾಸ್ತರ ಹೇಳಿದ್ದೂ ಅದನ, ಈಗ ನಾ ಹೇಳೂದೂ ಅದನ. ಗೋವಾದ ಯಾವುದೋ ದವಾಖಾನಿಯಿಂದ ಬಂದೈತಿ, ಜಯವಂತ ಅನ್ನಾವನ ಸುದ್ದಿ. ನಿನ್ನ ಮಗ ಹುಚ್ಚಪ್ಪ. ಹುಚ್ಚಪ್ಪ ಎಲ್ಲಿ, ಜಯವಂತ ಎಲ್ಲಿ! ಹಿಡಿ... ಹಿಡೀಬೇ.

ತಗೋಳಂಗಿಲ್ಲ? ಆತು. ಇಲ್ಲೇ ಟೈಪರೈಟರ್ ಮ್ಯಾಲೆ ಇಡ್ತೇನಿ. ಹೋಗೂ ಮುಂದ ಒಯ್ಯಿ.

ಯಾಕ ಬಟ್ಟ ಮಾಡಿ ತೋರಸ್ತಿ? ಹೌದು, ಲಕೋಟಿ ಮ್ಯಾಲೆ ಮುದುಕವ್ವ, ಬಾಳೆಹೊಸೂರ ಅಂತ ಐತಿ. ಇಲ್ಲಂದವರ್ಯಾರು? ನಿಮ್ಮೂರಾಗ ಮುದುಕವ್ವಾರಿಗೇನ ಬರಾ ಐತೇನು? ಏಳ ಮಂದಿ! ಏಳೂ ಮನಿಗೆ ಹೋಗಿ ಕೇಳ್ಯಾನಂತ ಪೋಸ್ಟಮನ್. ಯಾರ ಮನ್ಯಾಗೂ ಜಯವಂತ ಅನ್ನಾವ ಇಲ್ಲ. ಮುಗೀತು... ಇದನ್ನ ಟೈಪ ಮಾಡಿದವಗ ನೆಟ್ಟಗ ಅಂತರ ಬಿಡಾಕೂ ಬರಂಗಿಲ್ಲ ನೋಡು. ನಮ್ಮ ಕ್ಲಾಸಿನಾಗಾಗಿದ್ರ ಬಟ್ಟಿನ ಮ್ಯಾಲೆ ಏಟ ಬೀಳತಿದ್ವು.

ಚಾ ಕುಡಿ. ಆರತೈತಿ. ಬಾಜೂ ಟೇಲರ್ ಉಸ್ಮಾನಸಾಬ ತಾನ ತಂದಿಟ್ಟ ಹೋಗ್ಯಾನ. ಅಂವಾ ನನಗ ಯಾಕ ಇಷ್ಟ ಮರ್ಯಾದಿ ಕೊಡತಾನ ಗೊತ್ತೇನು? ಹತ್ತ ವರ್ಷದ ಹಿಂದ ಮಂದಿ ಅಂಗಡ್ಯಾಗ ಗುಂಡಿ ಹಚ್ಚತಿದ್ದ. ಒಂದ ದಿನ ಕೇಳಿದೆ, "ಉಸ್ಮಾನಸಾಬ, ನಿನಗ ಏನ ಬೇಕು?" "ಸ್ವಂತ ಅಂಗಡಿ ಬೇಕ್ರಿ." "ಯಾವಾಗ?" ಸುಮ್ಮನಾದ. "ನಾಳೆ ಮುಂಜಾನಿ ಎದ್ದು ಅದಕ್ಕಂತ ಏನ ಮಾಡತಿ?" ಮತ್ತ ಸುಮ್ಮನಾದ. ನಾನೂ ಸುಮ್ಮನ ಕುಂತೆ. ಅಷ್ಟ ಯವ್ವಾ, ಅದ ನನ್ನ ವಿದ್ಯಾ! ನಾ ಯಾರಿಗೂ ಹಿಂಗ ಮಾಡು, ಹಂಗ ಮಾಡು ಅನ್ನಂಗಿಲ್ಲ. ಕೇಳತೇನಿ, ಸುಮ್ಮನ ಕುಂಡ್ರತೇನಿ. ಎದುರಿನವಗ ತಡಕೊಳ್ಳಾಕ ಆಗಂಗಿಲ್ಲ. ಉತ್ತರ ಅವನ ಒಳಗಿಂದನ ಬರತೈತಿ. ಅದನ್ನ ಅವನ ಕೈಲೆ ನೋಟಬುಕ್ಕಿನಾಗ ಬರಸತೇನಿ, ತಾರೀಖು ಹಾಕಸತೇನಿ. ಶನಿವಾರಕ್ಕೊಮ್ಮೆ ಬಂದು ಹೇಳಬೇಕು, ಏನಾತು, ಏನಾಗಲಿಲ್ಲ, ಯಾಕ ಆಗಲಿಲ್ಲ. ನಲವತ್ತ ದಾಟಿದ ಕಮಲಾಬಾಯಿ ಮ್ಯಾಟ್ರಿಕ್ ಪಾಸಾದದ್ದು ಹಿಂಗನ. ಗದಗಿನ ಮಂದಿ ಟೈಪಿಂಗ್ ಕ್ಲಾಸಿನ ರಾಮಪ್ಪ ಮಾಸ್ತರ ಅನ್ನೂದ ಬಿಟ್ಟು ಗುರಿ ಮಾಸ್ತರ ಅಂತಾರ ಈಗ.

ಯಾಕ ನಗತಿ?... ನಗಲಿಲ್ಲ? ನಕ್ಕಂಗ ಕಂಡತು.

ನಿನ್ನ ಮಗನೂ ಹಂಗ ಬಂದ, ಎಂಬತ್ತನೇ ಇಸ್ವಿಯಾಗ. ಆ ಕಿಡಕಿ ಬಾಜೂ ಮಷೀನು ಅವಂದು. ಹೊಲದಾಗ ಕುಂಟಿ ಹಿಡದ ಕೈ ನೋಡು, ಒಂದ ಅಕ್ಷರ ಒತ್ತಿದ್ರ ಎರಡ ಬೀಳತಿದ್ವು! "ಹುಚ್ಚಪ್ಪಾ, ಏನ ಬೇಕು ನಿನಗ?" ಅಂದೆ. "ಕ್ಲಾರ್ಕ ಆಗಬೇಕ್ರಿ ಸರ. ನಮ್ಮವ್ವನ್ನ ಒಮ್ಮೆ ಆಫೀಸಿಗೆ ಕರಕೊಂಡ ಹೋಗಿ ಫ್ಯಾನಿನ ಕೆಳಗ ಕುಂಡರಸಬೇಕು." ಹಂಗ ಬರದಾನ. ತೋರಸ್ಲೇನು?... ಬ್ಯಾಡ? ಆತು.

ಆ ಮಷೀನಿಗೆ ಈಗ ಯಾರನ್ನೂ ಕುಂಡರಸಂಗಿಲ್ಲ. ರಿಬ್ಬನ್ ತಗದ ಇಟ್ಟೇನಿ. ಆದರೂ ಕ್ಲಾಸ ಖಾಲಿ ಆತಂದ್ರ... ಎರಡೆರಡ ಅಕ್ಷರ ಬಿದ್ದಂಗ... ಬೆಟಗೇರಿ ಮಗ್ಗದ ಸಪ್ಪಳ ಇರಬೇಕು. ಗಾಳಿಗೆ ಬರತೈತಿ.

ಎಂಟ ತಿಂಗಳಿಗೆ ನಿಮಿಷಕ್ಕ ನಲವತ್ತೈದ ಶಬ್ದ ಹೊಡದ! ಹುಬ್ಬಳ್ಳಿಗೆ ಸಂದರ್ಶನಕ್ಕ ಕಳಿಸಿದೆ. ಆಫೀಸಿನ ಸಿಪಾಯಿ ಬಾಗಲದಾಗ ನಿಂತು ಹುಚ್ಚಪ್ಪಾ ಅಂತ ಕೂಗಿದ, ಕುಂತವರೆಲ್ಲಾ ನಕ್ರಂತ. ಒಳಗಿನ ಸಾಹೇಬ "ಹೆಸರಷ್ಟ ಹುಚ್ಚೇನಪಾ?" ಅಂದನಂತ. ಇಂವಾ ಮಷೀನಿಗೆ ಕುಂತ್ರ ಮತ್ತ ಒಂದಕ್ಕ ಎರಡ ಅಕ್ಷರ ಬಿದ್ವು, ಒಂದ ಸಾಲೂ ನೆಟ್ಟಗ ಬರಲಿಲ್ಲ. ಶನಿವಾರ ಬಂದ ಕುಂತ, ನೀ ಕುಂತಲ್ಲೇ. ಅವತ್ತ ಮೊದಲನೇ ಸಲ ನಾ ಕೇಳಲಿಲ್ಲ, ಹೇಳಿಬಿಟ್ಟೆ. ಎಂಥಾ ಶ್ಯಾಣ್ಯಾ ಹುಡುಗ, ಒಂದ ಹೆಸರಿನ ಸಲವಾಗಿ...

ಏನು? ಏನ ಹೇಳಿದೆ ಅಂದ್ರ... ಏನಿಲ್ಲ. ಧೈರ್ಯ ಹೇಳಿದೆ. ಮತ್ತೊಮ್ಮೆ ನೋಡು ಅಂದೆ. ಅಷ್ಟ.

ಹಂಗ ನೋಡಬ್ಯಾಡ. ಸುಮ್ಮ ಕುಂಡ್ರೂದು ನನ್ನ ಕಸಬು ಯವ್ವಾ, ನಿಂದಲ್ಲ. ಬೇಕಾದ್ರ ಬಯ್ಯಿ. ಎರಡ ವರ್ಷದಿಂದ ಅಮಾಸಿಗೊಮ್ಮೆ ಬಂದು "ಸುದ್ದಿ ಐತೇನ್ರಿ ಮಾಸ್ತರ" ಅಂತಿದ್ದಿ, ಇವತ್ತ ಅದೂ ಇಲ್ಲ. ಹೋದ ವರ್ಷ ಒಬ್ಬಾಕಿನ ಗೋವಾಕ್ಕ ಹೋಗಿ, ಬಂದರದಾಗ ಹುಚ್ಚಪ್ಪಾ, ಹುಚ್ಚಪ್ಪಾ ಅಂತ ಮೂರ ದಿನ ಒದರಿ ಬಂದಿ. ಹಂಗ ಕೇಳಿದ್ರ ಹೆಂಗ ಸಿಗತಾನ? ಆ ಹೆಸರಿಲೆ ಅಲ್ಲಿ ಯಾರಿಗೆ ಗೊತ್ತ...

...

ಬಸ್ಸಿಗೆ ಹೊತ್ತಾತು ಯವ್ವಾ. ಏಳು. ಏಳಬೇ.

ಏಳಂಗಿಲ್ಲ.

ನೀನ ಹೇಳಿದ್ದಿ ನನಗ. ಅವನಕಿಂತ ಮೊದಲ ಎರಡ ಕೂಸು ಹ್ವಾದವು, ಸಾವಿನ ಕಣ್ಣ ಬೀಳಬಾರದಂತ ಇವಗ ಹುಚ್ಚಪ್ಪ ಅಂತ ಕರದೆ ಅಂತ. ಗೊತ್ತಿತ್ತು ನನಗ. ಗೊತ್ತಿದ್ದೂ... ಇದೆಲ್ಲಾ ಮೂಢನಂಬಿಕಿ ಅಂತ ನಕ್ಕೆ. ಹೆಸರ ಬದಲಸೂ ಅರ್ಜಿ ನಾನ ಟೈಪ ಮಾಡಿದೆ. ಕೋರ್ಟಿನಾಗ ಅಫಿಡವಿಟ್ ನಾನ ಮಾಡಿಸಿದೆ. ಹೆಸರೂ ನಾನ ಆರಿಸಿದೆ, ಹೆಸರಿನಾಗ ಜಯ ಇರ್ಲಿ ಅಂತ. ಆ ಹೆಸರಿಲೆ ಗೋವಾ ಬಂದರಕ್ಕ ಕ್ಲಾರ್ಕ ಕೆಲಸಾ ಹುಡಕಾಕ ಕಳಿಸಿದಾವನೂ ನಾನ. ಅವ್ವಗ ಹೇಳಬ್ಯಾಡ, ಅಂಜತಾಳ ಅಂತಾನೂ ನಾನ ಅಂದೆ.

ಹೌದು. ಅಂವನ. ಜಯವಂತ ಅಂದ್ರ ನಿನ್ನ ಹುಚ್ಚಪ್ಪ.

ಅಳಬ್ಯಾಡ... ಅಳಾಕತ್ತಿಲ್ಲ ನೀ. ಅಳರ ಅಳು ಬೇ!

ತಡಿ, ಪೂರಾ ಓದತೇನಿ. "ಜಯವಂತ ಅನ್ನೂ ಬಂದರಿನ ಕೂಲಿ..." ಕೂಲಿ ಅಂತ ಬರದಾರ ಯವ್ವಾ, ಕ್ಲಾರ್ಕ ಅಂತಲ್ಲ. "ಕಾಮಾಲಿ ಆಗಿ ಮಲಗ್ಯಾನ. ಎಚ್ಚರ ಇದ್ದಾಗ ತಾಯಿ ಹೆಸರು, ಊರ ಹೆಸರು ಹೇಳತಾನ. ಅವರು ಜಲ್ದಿ ಬರಬೇಕು." ತಾರೀಖು... ಹದಿಮೂರು. ಇವತ್ತ ಇಪ್ಪತ್ತೆರಡು. ಒಂಬತ್ತ ದಿನ! ಏಳೂ ಮನಿ ಅಡ್ಡಾಡಿ, ಯಾರದೂ ಅಲ್ಲ ಅನಿಸಿಕೊಂಡು... ಮತ್ತ ನಾ ಈಗ ಇದನ್ನ ತಿರಿಗಿ ನಿನ್ನ ಕೈಯಾಗ ಕೊಟ್ಟು ಬಸ್ಸಿಗೆ ಕಳಸತಿದ್ದೆ. ಕಳಸತಿದ್ದೆ, ಖರೆ.

ಸಂಜಿ ಗಾಡಿಗೆ ಹೋಗೂಣು. ನಾನೂ ಬರತೇನಿ. ಹುಬ್ಬಳ್ಳಿ, ಲೋಂಡಾ, ನಾಳೆ ವಾಸ್ಕೋ. ಅಲ್ಲಿ ಹೋಗಿ ಜಯವಂತ ಅಂತ ಕೇಳಬೇಕು. ಅನ್ನು ಒಮ್ಮೆ, ಬಾಯಿಗೆ ಬರ್ಲಿ. ಜಯ... ಆತು, ಬ್ಯಾಡ. ನಾ ಕೇಳತೇನಿ. ನಡಿ.

ನಡಿ ಅಂದ್ರ ಯಾಕ ನಿಂತಿ? ಇನ್ನೇನು? ಎಲ್ಲಾ ಹೇಳಿದೆನಲ್ಲಾ.

ಎಲ್ಲಾ ಹೇಳಿಲ್ಲ.

ಅಂವಾ ಊರ ಬಿಟ್ಟ ದಿನ ನೀ ರೊಟ್ಟಿ ಬಡಿಯೂ ಮುಂದ ಬೈದಿದ್ದಿ, "ಎತ್ತಿಗೆ ನೀರ ಕುಡಸಾಕ ಬರಲಾರದಾವ ಸಾಹೇಬ ಆಗತಿಯೇನಲೇ" ಅಂತ. ಆ ಸಿಟ್ಟಿಲೆ ಎರಡ ವರ್ಷ ಒಂದ ಕಾಗದಾ ಹಾಕಲಿಲ್ಲ ಅಂತ ಬಂದಾಗೊಮ್ಮೆ ಅಂತಿದ್ದಿ. ನಾ ಹೂಂ ಅಂತಿದ್ದೆ.

ಹೂಂ ಅಂತಿದ್ದೆ, ಯವ್ವಾ.

ಅವಗ ನಿನ್ನ ಮ್ಯಾಲೆ ಸಿಟ್ಟಿದ್ದಿಲ್ಲ. ಗದಗ ಸ್ಟೇಶನ್ನಿನಾಗ ನಿನಗ ಬರ್ಯಾಕಂತ ಒಂದ ಕಾರ್ಡ ಹಿಡಕೊಂಡ ನಿಂತಿದ್ದ. ಆ ಕಾರ್ಡ ನಾ ಇಸಗೊಂಡೆ. "ಕ್ಲಾರ್ಕ ಆಗೂತನಕ ಊರ ಕಡೆ ಮಾರಿ ಮಾಡಬ್ಯಾಡ, ಕಾಗದಾನೂ ಬರೀಬ್ಯಾಡ" ಅಂದೆ. "ಅವ್ವನ ನೆನಪಾದ್ರ ಕಾಲು ಹಿಂದ ಬರತಾವ."

ಅಂವಾ ಪೆನ್ನು ಕಿಸೇಕ ಹಾಕಿಕೊಂಡ. ಆಮ್ಯಾಲೆ, "ಆತ್ರಿ ಸರ" ಅಂದ.