ಹಸಿದ ಕೌದಿ

ತಪ್ಪು ಮಾಡಿದವಳು ವಾಡೆಯ ಗೌಡಸಾನಿ. ಮೊಮ್ಮಗನ ತೊಟ್ಟಿಲ ಕೌದಿಯನ್ನು ಹೊಟ್ಟೆ ಖಾಲಿ ಇಟ್ಟು ಹೊಲಿಸಿದಳು. ಊರವರ ರೊಟ್ಟಿಯ ಒಂದು ಚೂರೂ ಅದರೊಳಗೆ ಬೀಳಬಾರದು ಅಂದಳು. ಹೆದರಿ ಹೊಲಿದುಕೊಟ್ಟವಳು ಪಕ್ಕೀರವ್ವ. ಅವಳದೂ ತಪ್ಪೇ. ದೊಡ್ಡವರು ಕೆಟ್ಟದ್ದು ಹೇಳುತ್ತಾರೆ, ಸಣ್ಣವರು ಹೂಂ ಅನ್ನುತ್ತಾರೆ. ಇಬ್ಬರೂ ಕೂಡಿಯೇ ಊರು ಕೆಡಿಸುವುದು. ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಈಗ ಕಥೆ ಕೇಳಿ.

ಹೆಸರಿಲ್ಲದ್ದೊಂದು ಸೀಮೆ. ಆ ಸೀಮೆಗೆ ಸೂರ್ಯ ಒಬ್ಬನೇ, ಬಾವಿ ಮಾತ್ರ ಎರಡು. ಯಾಕೆ ಎರಡು ಅಂತ ಕೇಳಬೇಡಿ, ನಿಮಗೆ ಗೊತ್ತು. ಆ ಊರ ವಾಡೆ ಅಂದರೆ ಗೌಡರ ದೊಡ್ಡ ಮನೆ, ಅದರ ಹೊರಗೋಡೆಯಲ್ಲಿ ಒಂದು ಗೂಡು. ಹಿಂದೆ ಅಲ್ಲಿ ಗೌಡರ ಕುದುರೆ ಕಟ್ಟುತ್ತಿದ್ದರು. ಕುದುರೆ ಸತ್ತಿತು, ಪಕ್ಕೀರವ್ವ ಬಂದಳು. ಗೂಡು ಕೌದಿ ಅಂಗಡಿಯಾಯಿತು.

ಅಂಗಡಿ ಅಂದರೆ ಏನು ದೊಡ್ಡ ಅಂಗಡಿ? ಒಂದು ಚಾಪೆ, ಒಂದು ದಬ್ಬಣದ ಡಬ್ಬಿ, ಗೋಡೆಯುದ್ದಕ್ಕೂ ಚಿಂದಿಯ ಗಂಟುಗಳು. ಹರಿದ ಸೀರೆ, ಸವೆದ ಧೋತರ, ಬಣ್ಣ ಹೋದ ಕುಬಸ. ಊರವರು ಹಳೇ ಬಟ್ಟೆ ತರುತ್ತಿದ್ದರು, ಬಟ್ಟೆಯ ಜೊತೆಗೆ ಸುದ್ದಿ ತರುತ್ತಿದ್ದರು. ಡಂಗುರದವನಿಗೆ ತಿಳಿಯುವ ಮೊದಲೇ ಪಕ್ಕೀರವ್ವನ ಚಾಪೆಗೆ ತಿಳಿಯುತ್ತಿತ್ತು.

ಒಬ್ಬಳು ಬಂದು ಗಂಡನ ಧೋತರ ಬಿಸಾಕುವಳು.

"ಮೊಣಕಾಲ ಹತ್ರನೇ ಹರದೈತಲ್ಲ, ಏನ್ ದೇವರಿಗೆ ಅಡ್ಡಬಿದ್ದನೋ ನಿನ್ನ ಗಂಡ?" ಎಂದು ಪಕ್ಕೀರವ್ವ ಕೇಳುವಳು.

"ಯಾವ ದೇವರೂ ಇಲ್ಲ ಬಿಡಕ್ಕಾ. ಮಗಳ ಮಗಾ ಬಂದೈತಿ, ದಿನಾ ಅದಕ್ಕ ಆನಿ ಆಗತಾನ."

ಇನ್ನೊಬ್ಬಳು ತನ್ನ ಬೀಗತಿಯ ಸೀರೆ ತರುವಳು. "ಇದನ್ನ ಅಡಿಗೆ ಹಾಕು ಯಕ್ಕಾ, ಮ್ಯಾಲ ಹಾಕಬ್ಯಾಡ. ಒಂದಿನಾದರೂ ಆಕೀ ಮ್ಯಾಲ ಮಲಗಬೇಕು ನಾ!"

ಪಕ್ಕೀರವ್ವನ ಎದುರಿಗೆ ಕೂತು ಹೊಲಿಯುವವಳು ಮೌಲಾಬಿ. ಬಾಯಲ್ಲಿ ದಾರ, ದಾರದ ಸಂದಿಯಲ್ಲಿ ಮಾತು. "ಅಯ್ಯ, ಹಂಗಾದ್ರ ನನ್ನ ಅತ್ತೀ ಸೀರಿನೂ ತರತೀನಿ ತಡಿ" ಅನ್ನುವಳು. ಅತ್ತೆ ಸತ್ತು ಎಷ್ಟೋ ಕಾಲವಾಗಿತ್ತು. ಆ ಸೀರೆಯನ್ನು ಮೌಲಾಬಿ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅದೂ ಎಲ್ಲರಿಗೂ ಗೊತ್ತಿತ್ತು.

ಚಿಂದಿಗೆ ಚಿಂದಿ ಕೂಡಿದರೆ ಕೌದಿ, ಮಂದಿಗೆ ಮಂದಿ ಕೂಡಿದರೆ ಊರು. ಆ ಗೂಡಿನಲ್ಲಿ ಎರಡೂ ಒಟ್ಟಿಗೇ ಹೊಲಿಗೆಯಾಗುತ್ತಿದ್ದವು.

ಈಗ ಅಲ್ಲಿಯ ಪದ್ಧತಿ ಕೇಳಿ. ಕೌದಿ ಹೊಲಿದು ಮುಗಿಯುತ್ತ ಬಂದಾಗ ಒಂದು ಮೂಲೆಯಲ್ಲಿ ಅಂಗೈ ಹೋಗುವಷ್ಟು ಬಾಯಿ ಬಿಡುತ್ತಾರೆ. ಕೌದಿ ಹೊದೆಯುವವರ ಮನೆಯ ಹಿರಿಯರು ಬೇರೆ ಮನೆಗೆ ಹೋಗಿ ಒಂದು ಚೂರು ರೊಟ್ಟಿ ಬೇಡಿ ತರಬೇಕು. ತಮ್ಮ ಒಲೆಯದು ನಡೆಯುವುದಿಲ್ಲ. ಕೂಸಿನ ಕೌದಿಯಾದರೆ ಕೂಸನ್ನೂ ಎತ್ತಿಕೊಂಡು ಹೋಗಬೇಕು. ಆ ಚೂರನ್ನು ಬಾಯಿಯೊಳಗೆ ಇಟ್ಟು ಆಮೇಲೆ ಹೊಲಿಗೆ ಹಾಕಬೇಕು. ಹೊಟ್ಟೆ ತುಂಬಿದ ಕೌದಿ ನಿದ್ದೆ ಕೊಡುತ್ತದೆ. ಹಸಿದ ಕೌದಿ ನಿದ್ದೆ ತಿನ್ನುತ್ತದೆ. ಹಾಗಂತ ಅವರ ನಂಬಿಕೆ.

ಗೌಡಸಾನಿಗೆ ಮೊಮ್ಮಗ ಹುಟ್ಟಿದ. ಮನೆತನಕ್ಕೆ ಬಹಳ ಕಾಲದ ಮೇಲೆ ಹುಟ್ಟಿದ ಕೂಸು. ಅವಳ ಕಾಲು ನೆಲಕ್ಕೆ ಹತ್ತಲಿಲ್ಲ. ತಾನೇ ಗೂಡಿಗೆ ಬಂದಳು, ರೇಷ್ಮೆ ಸೀರೆಗಳ ಗಂಟು ಇಟ್ಟಳು.

"ಬರೇ ನಮ್ಮ ಮನಿ ಬಟ್ಟಿ ಹಾಕಬೇಕು ಪಕ್ಕೀರವ್ವ. ಮಂದೀ ಚಿಂದಿ ಒಂದೂ ಬೀಳಬಾರದು."

"ಆತ್ರಿ ಅವ್ವಾರ. ಹೊಟ್ಟಿಗೆ ರೊಟ್ಟಿ ಯಾರ ಮನಿಯಿಂದ ಬೇಡಿ ತರತೀರಿ?"

"ಬೇಡೂದಾ?" ಗೌಡಸಾನಿ ನಕ್ಕಳು. "ಈ ವಾಡೇದವರು ನೀಡಿದ್ದು ಗೊತ್ತೈತಿ, ಬೇಡಿದ್ದು ಯಾರಾದರೂ ಕಂಡೀರೇನು? ಹೊಟ್ಟೀನೂ ಬ್ಯಾಡ, ರೊಟ್ಟೀನೂ ಬ್ಯಾಡ. ಬಾಯಿ ಮುಚ್ಚಿ ಹೊಲಿ."

ಪಕ್ಕೀರವ್ವ ಮೌಲಾಬಿಯ ಮುಖ ನೋಡಿದಳು. ಮೌಲಾಬಿ ಗೋಡೆ ನೋಡಿದಳು. ಗೋಡೆ ವಾಡೆಯದು. ಗೂಡು ವಾಡೆಯದು. ಪಕ್ಕೀರವ್ವ ತಲೆ ತಗ್ಗಿಸಿದಳು, ಬಾಯಿ ಮುಚ್ಚಿ ಹೊಲಿದಳು. ಕೌದಿಯ ಬಾಯಿಯನ್ನೂ, ತನ್ನ ಬಾಯಿಯನ್ನೂ.

ಆಮೇಲೆ ಏನಾಯಿತು? ಆಗಬೇಕಾದದ್ದೇ ಆಯಿತು. ತೊಟ್ಟಿಲಲ್ಲಿ ಕೌದಿ ಹಾಸಿದರು, ಕೂಸು ಚೀರಿತು. ಹೊದಿಸಿದರು, ಚೀರಿತು. ಮಡಚಿ ತಲೆಯ ಕೆಳಗೆ ಇಟ್ಟರು, ಇನ್ನೂ ಚೀರಿತು. ಹಗಲು ಅತ್ತಿತು, ಇರುಳು ಅತ್ತಿತು. ಕೂಸಿನ ಸುತ್ತ ಒಬ್ಬಳು ಗಿಲಕಿ ಆಡಿಸುವಳು, ಒಬ್ಬಳು ಧೂಪ ಹಾಕುವಳು, ಒಬ್ಬಳು ದೃಷ್ಟಿ ತೆಗೆಯುವಳು. ಆ ಗದ್ದಲದಲ್ಲಿ ಕೂಸಿಗಿರಲಿ, ಕುಂಭಕರ್ಣನಿಗೂ ನಿದ್ದೆ ಬರುತ್ತಿರಲಿಲ್ಲ. ಹೆತ್ತ ತಾಯಿ ಸೋತು ಗೋಡೆಗೆ ಒರಗಿದಳು. ಗೌಡಸಾನಿ ಮಾತ್ರ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗುತ್ತಲೇ ಇದ್ದಳು. ಸೊಕ್ಕು ಇತ್ತು ಅವಳಿಗೆ, ಅದು ನಿಜ. ಮೊಮ್ಮಗನ ಮೇಲೆ ಜೀವ ಇತ್ತು, ಅದೂ ನಿಜ.

ವಾಡೆಯ ವಾಲಿಕಾರ ಯಂಕಪ್ಪ ಗೂಡಿಗೆ ಬಂದು ನಿಂತ. ಗೌಡರ ಮಾತನ್ನು ಊರಿಗೆ ಮುಟ್ಟಿಸುವುದು ಅವನ ಕೆಲಸ. ಸಣ್ಣ ಮಾತಾದರೂ ದೊಡ್ಡ ದನಿಯಲ್ಲೇ ಮುಟ್ಟಿಸುವನು.

"ಏ ಪಕ್ಕೀರವ್ವಾ! ನೀ ಹೊಲಿದ ಕೌದ್ಯಾಗ ಏನೋ ಕಸರೈತಿ ಅಂತಾರ ಅವ್ವಾರು. ಅಮಾಸಿ ಒಳಗ ಕೂಸು ಮಲಗಬೇಕು. ಇಲ್ಲಂದ್ರ ಈ ಗೂಡಿಗೆ ಬೀಗ!"

ಬೀಗ ಬಿದ್ದರೆ ಪಕ್ಕೀರವ್ವನ ಹೊಟ್ಟೆಗೆ ಏನು? ಅದು ಒಂದು ಮಾತು. ಆ ಚಾಪೆಯ ಮೇಲೆ ಕೂತು ಅಳುವವರು ಎಲ್ಲಿ ಅಳಬೇಕು, ನಗುವವರು ಎಲ್ಲಿ ನಗಬೇಕು? ಊರ ಹೆಂಗಸರಿಗೆ ಯಾರಪ್ಪಣೆಯೂ ಇಲ್ಲದೆ ಕೂರುವ ಜಾಗ ಅದೊಂದೇ.

ಪಕ್ಕೀರವ್ವ ಓಡಿಹೋಗಿ ಗೌಡಸಾನಿಗೆ ಕೈ ಮುಗಿದಳು. "ಅವ್ವಾರ, ಕೌದಿ ಹಸದೈತ್ರಿ. ಹೊಟ್ಟೀಗೆ ಹಾಕೂಣ್ರಿ."

"ಹಾಕು ಹಂಗಾರ" ಅಂದು ಗೌಡಸಾನಿ ವಾಡೆಯ ಅಡಿಗೆಮನೆಯಿಂದ ಹೋಳಿಗೆ ತರಿಸಿದಳು, ತುಪ್ಪ ಸುರಿಸಿದಳು. ಪಕ್ಕೀರವ್ವ ಮತ್ತೆ ತಪ್ಪಿದಳು ನೋಡಿ. ತಮ್ಮ ಒಲೆಯದು ನಡೆಯೋದಿಲ್ಲ ಅಂತ ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿದಳು. ಹೊಲಿಗೆ ಬಿಚ್ಚಿದಳು, ಹೋಳಿಗೆ ಇಟ್ಟಳು, ಮತ್ತೆ ಹೊಲಿದಳು. ಏನಾಯಿತು? ಬೆಲ್ಲದ ವಾಸನೆಗೆ ಊರ ಇರುವೆಯೆಲ್ಲ ತೊಟ್ಟಿಲಿಗೆ ಬಂತು. ಕೂಸು ಮೊದಲು ಬರೀ ಚೀರುತ್ತಿತ್ತು, ಈಗ ಜಿಗಿಜಿಗಿದು ಚೀರಿತು.

ಎರಡನೆಯ ಸಲ ಕೌದಿಯ ಹೊಟ್ಟೆ ತುಂಬಿಸುವಾಗ ಪಕ್ಕೀರವ್ವ ಅರ್ಧ ಬಾಯಿ ಬಿಟ್ಟಳು. "ಬ್ಯಾರೆ ಮನಿ ರೊಟ್ಟಿ ಬೇಕ್ರಿ ಅವ್ವಾರ."

"ಅಷ್ಟ ಹೌದಲ್ಲೋ? ಯಂಕಪ್ಪಾ, ತಗೊಂಡ ಬಾ."

ಯಂಕಪ್ಪ ಹೋದದ್ದು ಕೆಳಗಿನ ಕೇರಿಗೆ. ಎರಡನೆಯ ಬಾವಿಯ ಕೇರಿ. ಅಲ್ಲಿ ಹುಲಿಗೆವ್ವ ಎಂಬವಳು ಹೊಲಕ್ಕೆ ಹೊರಟು ಬುತ್ತಿ ಕಟ್ಟುತ್ತಿದ್ದಳು. ಅವಳ ಕೈಯ ರೊಟ್ಟಿಯನ್ನು ಕಸಿದುಕೊಂಡು ಬಂದ. ಅದರ ಚೂರನ್ನು ಕೌದಿಗೆ ಇಟ್ಟರು. ಕಸಿದು ತಂದದ್ದು ಯಾರ ಹೊಟ್ಟೆಗಾದರೂ ಹಿಡಿಯುತ್ತದೆಯೇ? ಅಳು ನಿಲ್ಲಲಿಲ್ಲ. ಅತ್ತು ಅತ್ತು ಕೂಸಿನ ದನಿ ಒಡೆಯಿತು. ಬಾಯಿ ತೆರೆಯುತ್ತಿತ್ತು, ಸದ್ದು ಬರುತ್ತಿರಲಿಲ್ಲ.

ಅಮಾವಾಸ್ಯೆಯ ಮುಂಜಾನೆ ಯಂಕಪ್ಪ ಬೀಗ ಹಿಡಿದು ವಾಡೆಯ ಅಂಗಳಕ್ಕೆ ಬಂದ. ಪಕ್ಕೀರವ್ವನೂ ಬಂದಳು. ಬೇಡಿಕೊಳ್ಳಲು ಬಂದವಳು ಆ ಕೂಸನ್ನು ನೋಡಿದಳು. ಸದ್ದಿಲ್ಲದೆ ಅಳುವ ಬಾಯಿ ನೋಡಿದಳು. ಅವಳ ಭಯ ಎಲ್ಲಿ ಹೋಯಿತೋ!

"ಬೀಗ ಹಾಕ್ರಿ ಅವ್ವಾರ, ಹಾಕ್ರಿ! ಆದ್ರ ಹಾಕೂಕಿಂತ ಮೊದಲ ಒಂದು ಮಾತು ಕೇಳ್ರಿ. ಮೊದಲನೇ ಸಲ ನಾ ಹೇಳಲಿಲ್ಲ, ಎರಡನೇ ಸಲ ಅರ್ಧಾ ಹೇಳಿದೆ, ಈಗ ಪೂರಾ ಹೇಳತೀನಿ. ರೊಟ್ಟಿ ಬೇಡಬೇಕು. ನೀವ ಬೇಡಬೇಕು. ಕೂಸಿನ್ನ ಎತಗೊಂಡು, ಸೆರಗ ಒಡ್ಡಿ, ಯಾರ ಮನಿ ರೊಟ್ಟಿ ಕಸದೀರೋ ಅವರ ಬಾಗಲದಾಗ ನಿಂತು ಬೇಡಬೇಕು."

ಯಂಕಪ್ಪ ಕೈಯ ಬೀಗವನ್ನು ಬೆನ್ನ ಹಿಂದೆ ಸರಿಸಿದ.

ಗೌಡಸಾನಿಯ ಕಣ್ಣು ಕೆಂಪಾಗಿತ್ತು. ಸಿಟ್ಟಿಗೋ, ನಿದ್ದೆ ಇಲ್ಲದ್ದಕ್ಕೋ? ಅವಳು ಪಕ್ಕೀರವ್ವನನ್ನು ನೋಡಿದಳು, ಹೆಗಲ ಮೇಲಿನ ಮೊಮ್ಮಗನನ್ನು ನೋಡಿದಳು. "ನಡಿ ಮುಂದ" ಅಂದಳು.

ಮುಂದೆ ಪಕ್ಕೀರವ್ವ, ಹಿಂದೆ ಗೌಡಸಾನಿ. ವಾಡೆ ದಾಟಿದರು, ಮೊದಲ ಬಾವಿ ದಾಟಿದರು, ಎರಡನೆಯ ಬಾವಿ ದಾಟಿದರು. ನೀರು ಸೇದುತ್ತಿದ್ದವರ ಹಗ್ಗ ಕೈಯಲ್ಲೇ ನಿಂತಿತು. ಹುಲಿಗೆವ್ವನ ಬಾಗಿಲಿಗೆ ಬಂದು ಗೌಡಸಾನಿ ಸೆರಗು ಒಡ್ಡಿದಳು. ಕೈ ಒಡ್ಡಿತು, ಬಾಯಿ ಏಳಲಿಲ್ಲ. ಬೇಡಿ ಗೊತ್ತಿದ್ದರೆ ತಾನೇ!

ಒಲೆಯ ಮುಂದೆ ಕೂತ ಹುಲಿಗೆವ್ವ ಎದ್ದು ಬಂದಳು. ಸೊಂಟಕ್ಕೆ ಕೈ ಇಟ್ಟಳು.

"ಏನ್ರಿ ಗೌಡಸಾನಿಯಾರ, ಮೊನ್ನಿ ನಿಮ್ಮ ವಾಲಿಕಾರ ಕಸಗೊಂಡು ಹೋದ್ನಲ್ಲ, ಆ ರೊಟ್ಟಿ ಸಾಲಲಿಲ್ಲೇನು?"

ಗೌಡಸಾನಿ ಒಡ್ಡಿದ ಸೆರಗು ಇಳಿಸಲಿಲ್ಲ. "ಅದು ಕಸಗೊಂಡಿದ್ದು ತಂಗಿ" ಅಂದಳು. "ಇವತ್ತ ಬೇಡಾಕ ಬಂದೀನಿ."

ಆ ವಾಡೆಯವರ ಬಾಯಲ್ಲಿ ಆ ಕೇರಿಯವಳಿಗೆ "ತಂಗಿ" ಅನ್ನುವ ಮಾತು! ಹುಲಿಗೆವ್ವ ಸೊಂಟದ ಕೈ ಇಳಿಸಿದಳು.

"ಹೊರಗ ನಿಂತೋರಿಗೆ ನೀಡಿ ಕಳಿಸೂದು ನಿಮ್ಮ ಮನಿ ಪದ್ಧತಿ. ನಮ್ಮಲ್ಲಿ ಹಂಗಿಲ್ರಿ. ಒಳಗ ಬರ್ರಿ, ಬಿಸಿರೊಟ್ಟಿ ಬಡೀತೀನಿ."

ಬಾಗಿಲು ಗಿಡ್ಡ. ತಲೆ ಬಗ್ಗಿಸದೆ ಒಳಗೆ ಹೋಗುವಂತಿಲ್ಲ. ಗೌಡಸಾನಿ ಬಗ್ಗಿದಳು, ಹೊಸ್ತಿಲು ದಾಟಿದಳು, ನೆಲಕ್ಕೆ ಕೂತಳು. ಹುಲಿಗೆವ್ವ ಹಿಟ್ಟು ನಾದಿದಳು, ತಟ್ಟತೊಡಗಿದಳು. ಟಪ್ ಟಪ್ ಟಪ್. ಟಪ್ ಟಪ್ ಟಪ್. ಆ ಮನೆಯಲ್ಲಿ ಗಿಲಕಿ ಇಲ್ಲ, ಧೂಪ ಇಲ್ಲ, ಗದ್ದಲ ಇಲ್ಲ. ಒಲೆಯ ಕಾವು, ರೊಟ್ಟಿಯ ಸದ್ದು, ಅಷ್ಟೇ. ಕೂಸು ಒಮ್ಮೆ ಬಿಕ್ಕಿತು. ಕಿವಿಗೊಟ್ಟಿತು. ಬೆರಳು ಬಾಯಿಗಿಟ್ಟಿತು. ಕಣ್ಣು ಮುಚ್ಚಿತು.

"ಮಲಗಿತು!" ಅಂದಳು ಪಕ್ಕೀರವ್ವ, ಉಸಿರಲ್ಲೇ.

ಹುಲಿಗೆವ್ವ ಮೂಲೆಯಲ್ಲಿದ್ದ ತನ್ನ ಹಳೇ ಕೌದಿ ಹಾಸಿದಳು. ತೇಪೆಯ ಮೇಲೆ ತೇಪೆ, ಅದರ ಮೇಲೊಂದು ತೇಪೆ. ಅದರ ಮೇಲೆ ವಾಡೆಯ ಮೊಮ್ಮಗ ಕೈಕಾಲು ಚೆಲ್ಲಿ ನಿದ್ದೆ ಹೋದ.

ಹುಲಿಗೆವ್ವ ಬಿಸಿರೊಟ್ಟಿ, ಪುಂಡಿಪಲ್ಯ, ಕೆಂಪುಖಾರ ತಂದು ಗೌಡಸಾನಿಯ ಮುಂದಿಟ್ಟಳು. "ಉಣ್ರಿ. ಹಸದು ಕುಂತೋರ ಕೈಯಾಗ ಕೌದಿ ತುತ್ತು ಕೊಡಬಾರದಂತ. ಅದೂ ಪದ್ಧತಿ ಐತಿ, ಹೌದಲ್ಲೋ ಪಕ್ಕೀರಕ್ಕಾ?"

ಅಂಥ ಪದ್ಧತಿ ಯಾವ ಕಾಲಕ್ಕೂ ಇರಲಿಲ್ಲ. ಹುಲಿಗೆವ್ವ ಆಗಷ್ಟೇ ಹೊಸೆದದ್ದು. ಪಕ್ಕೀರವ್ವ ನಗು ಹಲ್ಲಿನಲ್ಲಿ ಕಚ್ಚಿ ಹಿಡಿದಳು. "ಹೌದ್ರಿ ಅವ್ವಾರ, ಹಿಂದಿನಿಂದ ಬಂದದ್ದು."

ಗೌಡಸಾನಿ ಒಂದು ತುತ್ತು ಮುರಿದಳು. ಎರಡು ಮುರಿದಳು. ರೊಟ್ಟಿ ಮುಗಿಯಿತು. ಆಮೇಲೆ ಮೆಲ್ಲಗೆ, "ಇನ್ನೊಂದು ಐತೇನು ತಂಗಿ?"

ಅಷ್ಟರಲ್ಲಿ ಯಂಕಪ್ಪ ಏದುಸಿರು ಬಿಡುತ್ತ ಬಾಗಿಲಿಗೆ ಬಂದ. ಕೈಯಲ್ಲಿ ಬೀಗ. ಗಂಟಲು ಅದೇ ದೊಡ್ಡ ಗಂಟಲು. "ಅವ್ವಾರ! ಹೊತ್ತೇರಿತ್ರಿ! ಗೂಡಿಗೆ ಬೀಗ ಹಾಕಲೇನ್ರಿ?"

ಗೌಡಸಾನಿ ರೊಟ್ಟಿಯ ಕೈ ಎತ್ತಿದಳು. "ನಿನ್ನ ಬಾಯಿಗೆ ಹಾಕ್ಕೋ. ಕೂಸು ಮಲಗೇತಿ."

ಗೂಡು ಉಳಿಯಿತು. ಕೂಸು ಏಳುವ ತನಕ ಗೌಡಸಾನಿ ಆ ನೆಲ ಬಿಟ್ಟು ಏಳಲಿಲ್ಲ. ಎದ್ದ ಮೇಲೆ ಒಂದು ಚೂರು ರೊಟ್ಟಿ ಸೆರಗಿನಲ್ಲಿ ಕಟ್ಟಿಕೊಂಡು ನೇರ ಗೂಡಿಗೆ ಬಂದು ಚಾಪೆಯ ಮೇಲೆ ಕೂತಳು. ಮೌಲಾಬಿ ಸ್ವಲ್ಪ ಸರಿದು ಜಾಗ ಕೊಟ್ಟಳು. "ದಬ್ಬಣ ಹಿಡಿಯಾಕ ಬರತೈತೇನ್ರಿ?" ಅಂತ ಕೇಳಿದಳು. ಬರುತ್ತಿರಲಿಲ್ಲ. ಕಲಿತಳು.

ಒಂದು ಮಾತು ಗಮನಿಸಿದಿರಾ? ಕೂಸು ಮಲಗಿದ ಹೊತ್ತಿಗೆ ಬೇಡಿದ ರೊಟ್ಟಿ ಇನ್ನೂ ಒಲೆಯ ಮೇಲಿತ್ತು. ತೊಟ್ಟಿಲ ಕೌದಿಗೆ ಅದರ ಒಂದು ಚೂರೂ ಬಿದ್ದಿರಲಿಲ್ಲ. ಹಾಗಾದರೆ ಹಸಿದಿದ್ದು ಕೌದಿಯೋ, ವಾಡೆಯೋ? ನನ್ನನ್ನು ಕೇಳಬೇಡಿ.

ಅವರ ಕಥೆ ಅಲ್ಲಿ ಬೆಚ್ಚಗೆ ಮಲಗಿತು, ನಮ್ಮ ದಾರ ಇಲ್ಲಿಗೆ ಕಡಿಯಿತು. ಆದರೆ ನೀವು ತಲೆಯಾಡಿಸಿ ಮನೆಗೆ ಹೋಗಿ ಮಲಗಬೇಡಿ. ನಿಮ್ಮೂರಲ್ಲೂ ನೀವು ಹುಟ್ಟಿದಾಗಿನಿಂದ ತುಳಿಯದ ಒಂದು ಹೊಸ್ತಿಲು ಇದೆ. ಯಾವುದು ಅಂತ ನಿಮಗೆ ಗೊತ್ತು. ನಾಳೆ ಅಲ್ಲಿಗೆ ಹೋಗಿ. ತಲೆ ಬಗ್ಗಿಸಿ ಒಳಗೆ ಹೋಗಿ, ನೆಲಕ್ಕೆ ಕೂತು ಉಣ್ಣಿ.